ಬರಿಗಾಲ ಓಟಕ್ಕೆ ಗಡಿಯಾರ ಹಿಡಿದ ದೊರಾಬ್ಜಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರಿಗೆಲ್ಲ ಆ ಪ್ರಶ್ನೆ ಬಾಯಿಪಾಠ. ಭಾರತೀಯ ಒಲಿಂಪಿಕ್ ಸಂಸ್ಥೆಯ ಮೊದಲ ಅಧ್ಯಕ್ಷರು ಯಾರು? ನಾಲ್ಕು ಆಯ್ಕೆಗಳಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರು ಕಂಡ ಕೂಡಲೇ ಪೆನ್ನು ಅಲ್ಲಿಗೇ ಹೋಗುತ್ತದೆ. ಒಂದು ಅಂಕ ಬರುತ್ತದೆ, ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆ ಮನುಷ್ಯ ಯಾರು, ಉಕ್ಕಿನ ಕಾರ್ಖಾನೆ ಕಟ್ಟಿದವನಿಗೂ ಓಟಕ್ಕೂ ಏನು ಸಂಬಂಧ ಎಂದು ನಾನೂ ಎಂದೂ ಕೇಳಿಕೊಂಡಿರಲಿಲ್ಲ.

ಕೇಳಿಕೊಂಡದ್ದು ಕಳೆದ ವರ್ಷ, ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ನಾಲ್ಕು ಸೆಕೆಂಡಿನಿಂದ ಹೊರಬಿದ್ದ ಮೇಲೆ. 1600 ಮೀಟರ್ ಓಟವನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಲಿಖಿತ ಪರೀಕ್ಷೆಗೆ ತಿಂಗಳುಗಟ್ಟಲೆ ಓದಿದವನು ನಾಲ್ಕು ಸೆಕೆಂಡಿಗೆ ಮನೆಗೆ ಬಂದೆ. ಅವ್ವ ಏನೂ ಅನ್ನಲಿಲ್ಲ, ರೊಟ್ಟಿ ಬಡಿಯುತ್ತಾ ಕೂತಳು. ಅಪ್ಪ ಹೊಲಕ್ಕೆ ಹೋದ.

ನಮ್ಮೂರು ಬಿಂಕದಕಟ್ಟಿ. ಗದಗದಿಂದ ಹುಬ್ಬಳ್ಳಿ ಕಡೆಗೆ ಹೊರಟರೆ ಸಿಗುವ ಊರು. ಕಿರುಮೃಗಾಲಯ ಇರುವುದರಿಂದ ಸುತ್ತಲಿನ ಜಿಲ್ಲೆಯವರಿಗೂ ಹೆಸರು ಗೊತ್ತು. ಮುಂಜಾನೆ ಐದಕ್ಕೆ ಎದ್ದು ನಾವು ಏಳೆಂಟು ಹುಡುಗರು ಓಡುತ್ತೇವೆ. ಪಿಎಸ್‌ಐ, ಕಾನ್‌ಸ್ಟೆಬಲ್, ಫಾರೆಸ್ಟ್ ಗಾರ್ಡ್, ಅಗ್ನಿವೀರ, ಒಬ್ಬೊಬ್ಬರದು ಒಂದೊಂದು ಗುರಿ. ನಮ್ಮಲ್ಲಿ ಒಬ್ಬ ಬರಿಗಾಲಲ್ಲಿ ಓಡುತ್ತಾನೆ. ಶೂ ಹಾಕಿದರೆ ಕಾಲು ಭಾರವಾಗುತ್ತವೆ ಎನ್ನುತ್ತಾನೆ. ನಿಜವಾದ ಕಾರಣ ನಮಗೆಲ್ಲ ಗೊತ್ತು, ಅದಕ್ಕೇ ಯಾರೂ ಮತ್ತೆ ಕೇಳುವುದಿಲ್ಲ. ಎಲ್ಲರಿಗಿಂತ ಮುಂದೆ ಇರುವವನೂ ಅವನೇ. ಆದರೆ ಅವನು ಎಷ್ಟು ಸಮಯದಲ್ಲಿ ಓಡುತ್ತಾನೆ ಎಂಬುದನ್ನು ನಾವು ಯಾರೂ ಒಮ್ಮೆಯೂ ಅಳೆದಿರಲಿಲ್ಲ. ನನ್ನದನ್ನೂ ಅಳೆದುಕೊಂಡಿರಲಿಲ್ಲ. ದಿನಾ ಓಡಿದರೆ ಸಾಕು ಎಂದುಕೊಂಡಿದ್ದೆ.

ಆ ಬೇಸರದ ದಿನಗಳಲ್ಲಿ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಆ ಹಳೆಯ ಪ್ರಶ್ನೆ ಮತ್ತೆ ಕಣ್ಣಿಗೆ ಬಿತ್ತು. ಗದಗದ ಗ್ರಂಥಾಲಯದಲ್ಲಿ ಕೂತು ದೊರಾಬ್ಜಿ ಟಾಟಾ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತಾ ಹೋದಂತೆ ಬೆಳಗಾವಿಯ ಒಬ್ಬ ಓಟಗಾರ, ಹುಬ್ಬಳ್ಳಿಯ ಒಬ್ಬ ಓಟಗಾರ ಆ ಕತೆಯೊಳಗೆ ಸಿಕ್ಕರು. ಅದನ್ನು ನನ್ನಂತೆ ಮುಂಜಾನೆ ಓಡುವ ಗೆಳೆಯ ಗೆಳತಿಯರಿಗೆ ಹೇಳಬೇಕೆನಿಸಿತು.

ಶ್ರೀಮಂತನ ಮಗ, ಪತ್ರಿಕೆಯ ವರದಿಗಾರ

ದೊರಾಬ್ಜಿ ಹುಟ್ಟಿದ್ದು 1859ರ ಆಗಸ್ಟ್ 27ರಂದು, ಮುಂಬೈಯ ಪಾರ್ಸಿ ಮನೆತನದಲ್ಲಿ. ತಂದೆ ಜಮ್ಷೆಟ್‌ಜಿ ಟಾಟಾ, ತಾಯಿ ಹೀರಾಬಾಯಿ. ಹುಡುಗನನ್ನು ಓದಲು ಇಂಗ್ಲೆಂಡಿಗೆ ಕಳಿಸಿದರು. 1877ರಲ್ಲಿ ಕೇಂಬ್ರಿಜ್‌ನ ಕಾಲೇಜು ಸೇರಿದರು. ಅಲ್ಲಿ ಅವರಿಗೆ ಪುಸ್ತಕದಷ್ಟೇ ಹಿಡಿಸಿದ್ದು ಮೈದಾನ. ಕ್ರಿಕೆಟ್, ಫುಟ್‌ಬಾಲ್, ಟೆನಿಸ್, ದೋಣಿ ನಡೆಸುವುದು, ಕುದುರೆ ಸವಾರಿ, ಒಂದನ್ನೂ ಬಿಡಲಿಲ್ಲ. ಎರಡು ವರ್ಷದಲ್ಲಿ ಊರಿಗೆ ಮರಳಿ, ಮುಂಬೈಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದಿ 1882ರಲ್ಲಿ ಪದವಿ ಪಡೆದರು.

ಪದವಿ ಮುಗಿದ ಕೂಡಲೇ ತಂದೆಯ ಕುರ್ಚಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು ಅಂದುಕೊಂಡರೆ ತಪ್ಪು. ಬಾಂಬೆ ಗೆಜೆಟ್ ಎಂಬ ಪತ್ರಿಕೆಯಲ್ಲಿ ಎರಡು ವರ್ಷ ಪತ್ರಕರ್ತನಾಗಿ ದುಡಿದರು. 1884ರಲ್ಲಷ್ಟೇ ತಂದೆಯ ಹತ್ತಿ ವ್ಯಾಪಾರಕ್ಕೆ ಬಂದರು. ನಾಗಪುರದ ಎಂಪ್ರೆಸ್ ಮಿಲ್‌ನಲ್ಲಿ ಕೆಲಸ ಕಲಿತರು.

ಮೈದಾನದ ಹುಚ್ಚು ಮಾತ್ರ ಬಿಡಲಿಲ್ಲ. ಇಂಗ್ಲೆಂಡಿನಲ್ಲಿ ಕಂಡ ಕ್ರೀಡಾಕೂಟಗಳು ಇಲ್ಲಿಯ ಮಕ್ಕಳಿಗೂ ಸಿಗಬೇಕೆಂಬ ಆಸೆ ಅವರಿಗೆ. ಮುಂಬೈಯ ಹೈಸ್ಕೂಲುಗಳನ್ನು ಸೇರಿಸಿ ಒಂದು ಅಥ್ಲೆಟಿಕ್ ಸಂಘ ಕಟ್ಟಲು ಓಡಾಡಿದರು, ಅದರ ಕಾರ್ಯದರ್ಶಿಯಾದರು. ಮೊದಲು ಕ್ರಿಕೆಟ್, ಆಮೇಲೆ ಓಟ, ಜಿಗಿತದ ಪಂದ್ಯಗಳು ಶುರುವಾದವು. ಆಗಿನ ಕಾಲಕ್ಕೆ ಶಾಲೆಯ ಆಟವೆಂದರೆ ಮನೆಯವರು ಬೈಯುವ ಕೆಲಸ. ಶ್ರೀಮಂತರ ಮಗನೊಬ್ಬ ಅದಕ್ಕೆ ಲೆಕ್ಕ ಪುಸ್ತಕ ಇಟ್ಟುಕೊಂಡು ಕೂತದ್ದು ನೋಡಿದವರಿಗೆ ವಿಚಿತ್ರ ಕಂಡಿರಬೇಕು.

ಮೈಸೂರಿನ ಅಳಿಯ

ನಮ್ಮ ನಾಡಿಗೂ ಅವರಿಗೂ ಒಂದು ಬೀಗತನ ಇದೆ. ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆಯ ದೊಡ್ಡ ಹುದ್ದೆಯಲ್ಲಿದ್ದವರು ಎಚ್. ಜೆ. ಭಾಭಾ. ಅವರ ಮಗಳು ಮೆಹರ್‌ಬಾಯಿ. ಬೆಂಗಳೂರಿನಲ್ಲಿ ಬೆಳೆದ, ಅಲ್ಲಿಯ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದ ಹುಡುಗಿ. ಮೈಸೂರಿಗೆ ಬಂದಾಗ ಜಮ್ಷೆಟ್‌ಜಿ ಈ ಕುಟುಂಬವನ್ನು ಕಂಡು ಮೆಚ್ಚಿ, ಮಗನನ್ನೂ ಅಲ್ಲಿಗೆ ಹೋಗಿಬರಲು ಕಳಿಸಿದರು. 1898ರ ಫೆಬ್ರುವರಿ 14ರಂದು ಮದುವೆಯಾಯಿತು. ಆಗ ದೊರಾಬ್ಜಿಗೆ ಮೂವತ್ತೆಂಟು ವರ್ಷ, ಮೆಹರ್‌ಬಾಯಿಗೆ ಹದಿನೆಂಟು. ಮುಂದೆ ಅಣುವಿಜ್ಞಾನಿಯಾದ ಹೋಮಿ ಭಾಭಾಗೆ ಈಕೆ ಸೋದರತ್ತೆ.

ಮೆಹರ್‌ಬಾಯಿ ಸೀರೆ ಉಟ್ಟುಕೊಂಡೇ ಟೆನಿಸ್ ಆಡುತ್ತಿದ್ದರು, ಅರವತ್ತಕ್ಕೂ ಹೆಚ್ಚು ಬಹುಮಾನ ಗೆದ್ದಿದ್ದರು. ಬಾಲ್ಯವಿವಾಹದ ವಿರುದ್ಧ, ಹೆಣ್ಣುಮಕ್ಕಳ ಓದಿನ ಪರವಾಗಿ ದನಿ ಎತ್ತಿದರು. ಗಂಡ ಹೆಂಡತಿ ಇಬ್ಬರಿಗೂ ಆಟವೆಂದರೆ ಪ್ರಾಣ. ಮಕ್ಕಳಾಗಲಿಲ್ಲ.

1904ರಲ್ಲಿ ಜಮ್ಷೆಟ್‌ಜಿ ಜರ್ಮನಿಯಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದದ್ದು ಹಣಕ್ಕಿಂತ ಹೆಚ್ಚಾಗಿ ಮುಗಿಯದ ಕೆಲಸಗಳನ್ನು. ಉಕ್ಕಿನ ಕಾರ್ಖಾನೆ, ನೀರಿನಿಂದ ವಿದ್ಯುತ್, ವಿಜ್ಞಾನದ ವಿಶ್ವವಿದ್ಯಾಲಯ, ಮೂರೂ ಕಾಗದದ ಮೇಲೆ ಇದ್ದವು. ಮೂರನ್ನೂ ನೆಲಕ್ಕೆ ಇಳಿಸಿದ್ದು ದೊರಾಬ್ಜಿ ಮತ್ತು ಅವರ ಜೊತೆಗಾರರು.

ಕಬ್ಬಿಣದ ಅದಿರು ಹುಡುಕಲು ದೊರಾಬ್ಜಿ ಸ್ವತಃ ಎತ್ತಿನ ಗಾಡಿಯಲ್ಲಿ ಕಾಡು ಅಲೆದರು. ಒಮ್ಮೆ ನಾಗಪುರದಲ್ಲಿ ಅಧಿಕಾರಿಯೊಬ್ಬರಿಗಾಗಿ ಕಾಯುತ್ತಾ, ಹೊತ್ತು ಹೋಗಲಿ ಎಂದು ಎದುರಿನ ಮ್ಯೂಸಿಯಂ ಹೊಕ್ಕರು. ಅಲ್ಲಿದ್ದ ಭೂಗರ್ಭದ ನಕಾಶೆಯಲ್ಲಿ ದುರ್ಗ್ ಜಿಲ್ಲೆಯ ಕಡೆ ಕಬ್ಬಿಣದ ಗುರುತು ಕಂಡಿತು. ಆ ಜಾಡು ಹಿಡಿದು ಹೋದಾಗ ಕಬ್ಬಿಣದ ಗುಡ್ಡಗಳೇ ಸಿಕ್ಕವು. 1907ರಲ್ಲಿ ಕಂಪನಿ ನೋಂದಣಿಯಾಯಿತು. ಲಂಡನ್ನಿನ ಪೇಟೆ ಬಂಡವಾಳ ಕೊಡಲು ಹಿಂದೆಮುಂದೆ ನೋಡಿದಾಗ ಮುಂಬೈಯಲ್ಲಿ ಷೇರು ಮಾರಿದರು. ಸ್ವದೇಶಿಯ ಕಾವಿನ ದಿನಗಳವು. ಮೂರು ವಾರದಲ್ಲಿ ಸುಮಾರು 8,000 ಭಾರತೀಯರು ಪೂರ್ತಿ ಹಣ ಕಟ್ಟಿದರು. 1912ರಲ್ಲಿ ಮೊದಲ ಉಕ್ಕು ಹೊರಬಂತು. 1909ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು, ಅದಕ್ಕೆ ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. ಇವತ್ತಿಗೂ ಹಳಬರು ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. 1910ರಲ್ಲಿ ದೊರಾಬ್ಜಿಗೆ ಸರ್ ಪದವಿ ಬಂತು.

ಇಷ್ಟು ಮಾಡಿದವನು ಅರವತ್ತರ ಹೊಸ್ತಿಲಲ್ಲಿ ವಿಶ್ರಾಂತಿ ಪಡೆದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ನಮಗೆ ಬೇಕಾದ ಕತೆ ಶುರುವಾಗುವುದೇ ಆಗ.

ಪುಣೆಯ ಓಟ

1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾಕ್ಕೆ ದೊರಾಬ್ಜಿ ಅಧ್ಯಕ್ಷರಾದರು. ಅಲ್ಲಿಯ ಕ್ರೀಡಾಕೂಟ ನೋಡಲು ಹೋದರು. ಓಡಲು ಬಂದವರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿಯುವ ಮನೆಯ ಹುಡುಗರು. ಹೊಟ್ಟೆಗೆ ಬಡವರ ಊಟ, ಕಾಲಿಗೆ ಏನೂ ಇಲ್ಲ. ತರಬೇತಿ ಎಂಬ ಮಾತು ಕೇಳಿದವರಲ್ಲ. ಓಟದ ಅಂತಾರಾಷ್ಟ್ರೀಯ ನಿಯಮ ಸಂಘಟಕರಿಗೂ ಹೊಸದು. ದೂರದ ಓಟ ನಡೆದದ್ದು ಟ್ರ್ಯಾಕಿನ ಮೇಲಲ್ಲ, ರಸ್ತೆಯ ಮೇಲೆ.

ನೋಡಿದವರೆಲ್ಲ ಚಪ್ಪಾಳೆ ಹೊಡೆದಿರಬೇಕು. ದೊರಾಬ್ಜಿ ಒಂದು ಹೆಜ್ಜೆ ಮುಂದೆ ಹೋದರು, ಸಮಯ ನೋಡಿದರು. ಆ ಬರಿಗಾಲಿನ ಹುಡುಗರು ತೆಗೆದುಕೊಂಡ ಸಮಯವನ್ನು ಯುರೋಪಿನ ಓಟಗಾರರ ಸಮಯದ ಪಕ್ಕದಲ್ಲಿಟ್ಟು ನೋಡಿದರು. ಅಂತರ ಅಂಥ ದೊಡ್ಡದೇನಿರಲಿಲ್ಲ. ಯುರೋಪಿನವರಿಗೆ ಕೋಚ್ ಇದ್ದರು, ಒಳ್ಳೆಯ ಊಟ ಇತ್ತು, ಶೂ ಇತ್ತು. ಇವರಿಗೆ ಯಾವುದೂ ಇಲ್ಲದೆಯೇ ಇಷ್ಟು ಹತ್ತಿರ ಬಂದಿದ್ದರು.

ಮುಂದಿನ ವರ್ಷ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಒಲಿಂಪಿಕ್ಸ್ ಇತ್ತು. ಭಾರತ ಯಾಕೆ ಹೋಗಬಾರದು ಎಂದು ದೊರಾಬ್ಜಿ ಕೇಳಿದರು. 1900ರ ಪ್ಯಾರಿಸ್‌ನಲ್ಲಿ ಕೋಲ್ಕತ್ತದಲ್ಲಿ ಹುಟ್ಟಿದ ನಾರ್ಮನ್ ಪ್ರಿಚರ್ಡ್ ಎರಡು ಬೆಳ್ಳಿ ಗೆದ್ದದ್ದು ನಿಜ. ಆದರೆ ಅವರು ಒಬ್ಬರೇ ಹೋಗಿ ಓಡಿದವರು. ದೇಶದ ಹೆಸರಲ್ಲಿ ಆಯ್ಕೆ ಮಾಡಿ ತಂಡ ಕಳಿಸುವ ವಿಚಾರ ಅಲ್ಲಿಯವರೆಗೆ ಯಾರ ತಲೆಗೂ ಬಂದಿರಲಿಲ್ಲ. ದೇಶವೇ ಬ್ರಿಟಿಷರ ಕೈಯಲ್ಲಿದ್ದಾಗ ದೇಶದ ತಂಡವೆಂದರೇನು?

ದೊರಾಬ್ಜಿ ಆ ಚರ್ಚೆಗೆ ಹೋಗಲಿಲ್ಲ. ಮುಂಬೈ ಪ್ರಾಂತ್ಯದ ಗವರ್ನರ್ ಜಾರ್ಜ್ ಲಾಯ್ಡ್ ಅವರ ಸಹಾಯ ಕೇಳಿದರು. ಬ್ರಿಟಿಷ್ ಒಲಿಂಪಿಕ್ ಸಮಿತಿಯ ಮೂಲಕ ಅಂತಾರಾಷ್ಟ್ರೀಯ ಸಮಿತಿಯ ಒಪ್ಪಿಗೆ ತರಿಸಿದರು. ಸಮಿತಿ ಮಾಡಿದರು, ಹಣ ಕೂಡಿಸಿದರು. ಸರ್ಕಾರ ಒಂದಷ್ಟು ಕೊಟ್ಟಿತು, ಜನ ಒಂದಷ್ಟು ಕೊಟ್ಟರು, ಸಾಲದ್ದಕ್ಕೆ ತಮ್ಮ ಜೇಬಿಗೆ ಕೈ ಹಾಕಿದರು.

ಇದರ ನಡುವೆ ಒಂದು ತಮಾಷೆಯೂ ನಡೆಯಿತು. ನೂರು ಮೀಟರ್ ಓಟಕ್ಕೆ ಆಯ್ಕೆಯಾಗಲು ಎಷ್ಟು ಸಮಯ ಇಡಬೇಕೆಂಬ ಮಾತು ಬಂದಾಗ ಸಮಿತಿಯ ಹಿರಿಯರೊಬ್ಬರು ನಿಮಿಷದ ಲೆಕ್ಕ ಹೇಳಿದರಂತೆ. ಅಲ್ಲಿ ಎಣಿಸುವುದು ನಿಮಿಷವನ್ನಲ್ಲ, ಸೆಕೆಂಡನ್ನು, ಸೆಕೆಂಡಿನ ಹತ್ತನೇ ಭಾಗವನ್ನು ಎಂದು ತಿಳಿಸಿದಾಗ ಅವರು ಬೆರಗಾದರು. ಇದನ್ನು ಓದಿ ನಾನು ನಕ್ಕೆ. ಆಮೇಲೆ ನನ್ನ ನಾಲ್ಕು ಸೆಕೆಂಡು ನೆನಪಾಗಿ ನಗು ನಿಂತಿತು. ನೂರು ವರ್ಷದ ನಂತರವೂ ನಾನು ಆ ಹಿರಿಯರ ಹಾಗೇ ಗಡಿಯಾರ ನೋಡದೆ ಓಡುತ್ತಿದ್ದೆನಲ್ಲ.

ಬೆಳಗಾವಿ, ಹುಬ್ಬಳ್ಳಿಯಿಂದ ಆಂಟ್‌ವರ್ಪ್‌ಗೆ

1920ರ ಏಪ್ರಿಲ್‌ನಲ್ಲಿ ಪುಣೆಯಲ್ಲಿ ಆಯ್ಕೆ ನಡೆಯಿತು. ಆಗ ನಮ್ಮ ಗದಗ, ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಎಲ್ಲವೂ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದವು. ಈ ಭಾಗದವರಿಗೆ ದೊಡ್ಡ ಪಂದ್ಯವೆಂದರೆ ಪುಣೆ, ದೊಡ್ಡ ಊರೆಂದರೆ ಮುಂಬೈ. ಹಾಗಾಗಿಯೇ ದೇಶದ ಮೊದಲ ಒಲಿಂಪಿಕ್ ತಂಡದಲ್ಲಿ ನಮ್ಮ ನೆರೆಯ ಊರುಗಳ ಇಬ್ಬರು ಇದ್ದಾರೆ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಮತ್ತು ಹುಬ್ಬಳ್ಳಿಯ ಕೈಕಾಡಿ. ಜೊತೆಗೆ ಸಾತಾರದ ಸದಾಶಿವ ದಾತಾರ್, ಬಂಗಾಳದ ಪೂರ್ಮ ಬ್ಯಾನರ್ಜಿ. ಬ್ಯಾನರ್ಜಿ ಕಡಿಮೆ ದೂರದ ಓಟದವರು, ಉಳಿದ ಮೂವರೂ ದೂರದ ಓಟದವರು. ಕುಸ್ತಿಗೆ ಕುಮಾರ ನವಲೆ ಮತ್ತು ರಣಧೀರ ಶಿಂದೆ. ನಾಲ್ವರು ಓಟಗಾರರು, ಇಬ್ಬರು ಪೈಲ್ವಾನರು. ಸೊಹ್ರಾಬ್ ಭೂತ್ ಮತ್ತು ಡಾ. ಫೈಜಿ ವ್ಯವಸ್ಥಾಪಕರು. ಇಷ್ಟೇ ಜನ ಮೂವತ್ತು ಕೋಟಿ ಜನರ ತಂಡ.

ಹಡಗಿನಲ್ಲಿ ಹೊರಟು, ಮೊದಲು ಇಂಗ್ಲೆಂಡಿನಲ್ಲಿ ಇಳಿದು ಅಲ್ಲಿ ಕೆಲವು ವಾರ ತರಬೇತಿ ಪಡೆದರು. ಹೊಸ ಹವೆ, ಹೊಸ ಊಟ, ತಿಳಿಯದ ಭಾಷೆ. ನಮ್ಮೂರಿನಿಂದ ಬೆಂಗಳೂರಿಗೆ ಪರೀಕ್ಷೆ ಬರೆಯಲು ಹೋದಾಗಲೇ ನಮಗೆ ಎರಡು ದಿನ ನಿದ್ದೆ ಬರುವುದಿಲ್ಲ. ಸಮುದ್ರ ದಾಟಿದ ಆ ಹುಡುಗರ ಸ್ಥಿತಿ ಊಹಿಸಿಕೊಳ್ಳಬಹುದು.

1920ರ ಆಗಸ್ಟ್ 14ರಂದು ಆಂಟ್‌ವರ್ಪ್‌ನಲ್ಲಿ ಉದ್ಘಾಟನೆ. ಮೊದಲ ಮಹಾಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಐದು ಉಂಗುರಗಳ ಒಲಿಂಪಿಕ್ ಧ್ವಜ ಆಟಗಳಲ್ಲಿ ಮೊದಲು ಹಾರಿದ್ದು ಅಲ್ಲಿಯೇ, ಕ್ರೀಡಾಪಟುಗಳು ಪ್ರಮಾಣ ಸ್ವೀಕರಿಸುವ ಪದ್ಧತಿ ಶುರುವಾದದ್ದೂ ಅಲ್ಲಿಯೇ. 29 ದೇಶಗಳ ನಡುವೆ ಭಾರತದ ಧ್ವಜ ಹಿಡಿದು ನಡೆದವರು ಬ್ಯಾನರ್ಜಿ. ಆ ಧ್ವಜ ನಮ್ಮ ತ್ರಿವರ್ಣವಲ್ಲ, ಬ್ರಿಟಿಷ್ ಆಡಳಿತದ್ದು.

ಆಗಸ್ಟ್ 22ರಂದು ಮ್ಯಾರಥಾನ್. ಅವತ್ತಿನ ದೂರ 42 ಕಿಲೋಮೀಟರ್ 750 ಮೀಟರ್, ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ಉದ್ದದ ಮ್ಯಾರಥಾನ್. ಗದಗದಿಂದ ಹೊರಟರೆ ಅಣ್ಣಿಗೇರಿ ದಾಟಿ ಹುಬ್ಬಳ್ಳಿಯ ಹಾದಿಯಲ್ಲಿ ಮುಕ್ಕಾಲು ಭಾಗ ಮುಗಿದ ಹಾಗೆ. ಮಳೆ, ಚಳಿ. ಎರೆಮಣ್ಣಿನ ನಾಡಿನ ಬಿಸಿಲಲ್ಲಿ ಬೆಳೆದ ಕಾಲುಗಳಿಗೆ ಅದು ಬೇರೆಯೇ ಲೋಕ. ದಾತಾರ್ ಅವರಿಗೆ ಓಟ ಮುಗಿಸಲಾಗಲಿಲ್ಲ. ಚೌಗುಲೆ ಮುಗಿಸಿದರು. 2 ಗಂಟೆ 50 ನಿಮಿಷ 45 ಸೆಕೆಂಡು. ಹತ್ತೊಂಬತ್ತನೇ ಸ್ಥಾನ. ಫಿನ್ಲೆಂಡಿನ ಹಾನ್ನೆಸ್ ಕೊಲೆಹ್‌ಮೈನೆನ್ ಚೌಗುಲೆಗಿಂತ ಹದಿನೆಂಟು ನಿಮಿಷ ಮುಂಚೆ ಬಂದು ಚಿನ್ನ ಗೆದ್ದರು. ಆತ ಎಂಟು ವರ್ಷದ ಹಿಂದೆ ಸ್ಟಾಕ್‌ಹೋಮ್‌ನಲ್ಲಿಯೇ ಮೂರು ಚಿನ್ನ ಗೆದ್ದಿದ್ದವರು.

ಹತ್ತೊಂಬತ್ತನೆಯವನಿಗೆ ಪದಕ ಇಲ್ಲ. ಆದರೂ ನಾನು ಆ ಸಮಯವನ್ನು ಕಾಗದದ ಮೇಲೆ ಬರೆದು ಲೆಕ್ಕ ಹಾಕಿದೆ. ನಮ್ಮ ದೈಹಿಕ ಪರೀಕ್ಷೆಯ 1600 ಮೀಟರ್ ಇದೆಯಲ್ಲ, ಅದನ್ನು ಚೌಗುಲೆ ಸರಾಸರಿ 6 ನಿಮಿಷ 23 ಸೆಕೆಂಡಿಗೆ ಓಡಿದ್ದಾರೆ. ಒಮ್ಮೆಯಲ್ಲ, ಬಿಡುವಿಲ್ಲದೆ ಇಪ್ಪತ್ತಾರು ಸಲ, ಮತ್ತೂ ಒಂದು ಮುಕ್ಕಾಲು ಪಾಲಿನಷ್ಟು. ನಾವು ಒಂದು ಸಲ ಓಡಿ ನೆಲಕ್ಕೆ ಬೀಳುವ ವೇಗದಲ್ಲಿ ಆ ಬೆಳಗಾವಿಯ ಹುಡುಗ ಸುಮಾರು ಮೂರು ಗಂಟೆ ಓಡಿದ್ದ. ಹತ್ತೊಂಬತ್ತು ಎಂಬ ಅಂಕಿ ನನಗೆ ಆವತ್ತಿನಿಂದ ಸಣ್ಣದಾಗಿ ಕಾಣುವುದಿಲ್ಲ.

ಬ್ಯಾನರ್ಜಿ ತಮ್ಮ ಓಟಗಳಲ್ಲಿ ಮೊದಲ ಸುತ್ತಿಗೇ ಹೊರಬಿದ್ದರು. ನವಲೆ ಸೋತರು. ಶಿಂದೆ ಕುಸ್ತಿಯಲ್ಲಿ ಕಂಚಿನ ಪದಕದ ಹೊಸ್ತಿಲವರೆಗೆ ಹೋಗಿ ಬಂದರು. ತಂಡ ಬರಿಗೈಯಲ್ಲಿ ಮರಳಿತು.

ಸೋಲಿನ ಮರುದಿನ

ದೊರಾಬ್ಜಿಯ ಬದುಕಿನಲ್ಲಿ ನನಗೆ ಹೆಚ್ಚು ಹಿಡಿಸಿದ ಭಾಗ ಇದು. ಬರಿಗೈಯಲ್ಲಿ ಬಂದ ತಂಡ ನೋಡಿ ಅವರು ಕೈಬಿಡಲಿಲ್ಲ. ಒಬ್ಬ ಶ್ರೀಮಂತನ ಉತ್ಸಾಹದ ಮೇಲೆ ನಿಂತ ಕೆಲಸ ಬಹಳ ದಿನ ನಿಲ್ಲುವುದಿಲ್ಲ ಎಂಬುದು ಅವರಿಗೆ ತಿಳಿದಿತ್ತು. ಮುಂದಿನ ಸಲ ಆಯ್ಕೆ ಪ್ರಾಂತ್ಯ ಪ್ರಾಂತ್ಯಗಳಲ್ಲಿ ನಡೆಯಬೇಕು, ಅದಕ್ಕೊಂದು ಸಂಸ್ಥೆ ಇರಬೇಕು ಎಂದು ಹೊರಟರು. ಮದ್ರಾಸಿನಲ್ಲಿ ದೈಹಿಕ ಶಿಕ್ಷಣದ ಕಾಲೇಜು ಕಟ್ಟಿದ್ದ ವೈಎಂಸಿಎಯ ಹ್ಯಾರಿ ಬಕ್, ಅದೇ ಸಂಸ್ಥೆಯ ಡಾ. ನೋಹ್ರೆನ್ ಅವರು ಊರೂರು ತಿರುಗಿ ಕೂಟಗಳನ್ನು ನಡೆಸಿದರು. 1924ರಲ್ಲಿ ದೆಹಲಿಯಲ್ಲಿ ಅಖಿಲ ಭಾರತ ಮಟ್ಟದ ಆಯ್ಕೆ ನಡೆದು ಪ್ಯಾರಿಸ್‌ಗೆ ತಂಡ ಹೋಯಿತು. ಮುಂದೆ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು, ದೊರಾಬ್ಜಿ ಮೊದಲ ಅಧ್ಯಕ್ಷರು, ನೋಹ್ರೆನ್ ಕಾರ್ಯದರ್ಶಿ. ನಮ್ಮ ಒಂದು ಅಂಕದ ಪ್ರಶ್ನೆಯ ಹಿಂದೆ ಇಷ್ಟು ವರ್ಷಗಳ ಓಡಾಟ ಇದೆ.

ಅದೇ 1924ರಲ್ಲಿ ಅವರ ಇನ್ನೊಂದು ಮನೆಗೆ ಬೆಂಕಿ ಬಿದ್ದಿತ್ತು. ಯುದ್ಧದ ನಂತರ ಉಕ್ಕಿನ ಬೆಲೆ ಕುಸಿದು ಜಮ್ಷೆಡ್‌ಪುರದ ಕಾರ್ಖಾನೆ ಮುಳುಗುವ ಹಂತಕ್ಕೆ ಬಂತು. ಕಾರ್ಮಿಕರ ಸಂಬಳಕ್ಕೂ ಹಣವಿಲ್ಲವೆಂದು ತಂತಿ ಬಂತು. ದೊರಾಬ್ಜಿ ತಮ್ಮ ಸ್ವಂತ ಆಸ್ತಿಯನ್ನೆಲ್ಲ ಇಂಪೀರಿಯಲ್ ಬ್ಯಾಂಕಿಗೆ ಅಡ ಇಟ್ಟರು. ಸುಮಾರು ಒಂದು ಕೋಟಿ ರೂಪಾಯಿ. ಮೆಹರ್‌ಬಾಯಿಯ ಒಡವೆಗಳೂ ಅದರಲ್ಲಿ ಸೇರಿದ್ದವು. ಮದುವೆಯಾದ ಹೊಸದರಲ್ಲಿ ಆಕೆಗೆ ಕೊಡಿಸಿದ್ದ, ಕೊಹಿನೂರ್‌ಗಿಂತಲೂ ದೊಡ್ಡದಾದ 245 ಕ್ಯಾರೆಟ್ಟಿನ ಜುಬಿಲಿ ವಜ್ರವೂ ಹೋಯಿತು. ಕಾರ್ಖಾನೆ ಉಳಿಯಿತು. ಬಂಗಾರ ಅಡ ಇಟ್ಟು ಮಕ್ಕಳ ಫೀ ಕಟ್ಟುವುದು ನಮ್ಮ ಮನೆಗಳಲ್ಲಿ ಹೊಸದಲ್ಲ. ಅಷ್ಟು ದೊಡ್ಡ ಮನೆಯಲ್ಲೂ ಅದೇ ನಡೆಯಿತೆಂದು ಓದಿದಾಗ ಅವರು ಯಾಕೋ ಹತ್ತಿರದವರು ಅನಿಸಿದರು.

1928ರಲ್ಲಿ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷತೆ ಪಟಿಯಾಲದ ಮಹಾರಾಜರ ಕಡೆಗೆ ಹೋಯಿತು. ಅದೇ ವರ್ಷ ಆಮ್ಸ್ಟರ್‌ಡ್ಯಾಮ್‌ನಲ್ಲಿ ಜೈಪಾಲ್ ಸಿಂಗ್ ನಾಯಕತ್ವದ ಹಾಕಿ ತಂಡ, ಒಂದೂ ಗೋಲು ಬಿಟ್ಟುಕೊಡದೆ 29 ಗೋಲು ಹೊಡೆದು ಚಿನ್ನ ತಂದಿತು. ಅದರಲ್ಲಿ 14 ಗೋಲು ಧ್ಯಾನ್‌ಚಂದ್ ಅವರವು. ಆಂಟ್‌ವರ್ಪ್‌ನ ಬರಿಗೈಗೂ ಆಮ್ಸ್ಟರ್‌ಡ್ಯಾಮ್‌ನ ಚಿನ್ನಕ್ಕೂ ನಡುವೆ ಎಂಟೇ ವರ್ಷ.

1931ರ ಜೂನ್‌ನಲ್ಲಿ ಮೆಹರ್‌ಬಾಯಿ ರಕ್ತದ ಕ್ಯಾನ್ಸರ್‌ನಿಂದ ಬ್ರಿಟನ್ನಿನಲ್ಲಿ ತೀರಿಕೊಂಡರು. ಆ ರೋಗದ ಸಂಶೋಧನೆಗಾಗಿ ಹೆಂಡತಿಯ ಹೆಸರಲ್ಲಿ ದೊರಾಬ್ಜಿ ಒಂದು ನಿಧಿ ಸ್ಥಾಪಿಸಿದರು. ಉಳಿದ ತಮ್ಮ ಆಸ್ತಿಯನ್ನೆಲ್ಲ, ಕೊರಳಪಟ್ಟಿಯ ಪಿನ್ನನ್ನೂ ಬಿಡದೆ, ಒಂದು ಟ್ರಸ್ಟಿಗೆ ಬರೆದರು. ಹೆಂಡತಿಯ ಸಮಾಧಿ ನೋಡಲು ಹೊರಟವರು 1932ರ ಜೂನ್ 3ರಂದು ಜರ್ಮನಿಯ ಬಾಡ್ ಕಿಸಿಂಗೆನ್‌ನಲ್ಲಿ ಕಣ್ಣುಮುಚ್ಚಿದರು. ಇಂಗ್ಲೆಂಡಿನ ಬ್ರೂಕ್‌ವುಡ್‌ನಲ್ಲಿ ಹೆಂಡತಿಯ ಪಕ್ಕದಲ್ಲೇ ಮಣ್ಣಾದರು. ಅವರ ಟ್ರಸ್ಟಿನ ಹಣದಿಂದ ಮುಂದೆ ಮುಂಬೈಯಲ್ಲಿ ಸಮಾಜ ವಿಜ್ಞಾನದ ಟಾಟಾ ಸಂಸ್ಥೆ, ಟಾಟಾ ಕ್ಯಾನ್ಸರ್ ಆಸ್ಪತ್ರೆ ಎದ್ದು ನಿಂತವು. ನಮ್ಮ ಕಡೆಯ ಎಷ್ಟೋ ಬಡ ಕುಟುಂಬಗಳು ರೋಗಿಯನ್ನು ಕರೆದುಕೊಂಡು ಇವತ್ತಿಗೂ ಆ ಆಸ್ಪತ್ರೆಗೆ ರೈಲು ಹತ್ತುತ್ತವೆ.

ಮತ್ತೆ ಬಿಂಕದಕಟ್ಟಿಗೆ

ದೊರಾಬ್ಜಿ ಒಬ್ಬರಿಂದಲೇ ಎಲ್ಲ ಆಯಿತು ಎಂದು ನಾನು ಹೇಳುತ್ತಿಲ್ಲ. ಓಡಿದವರು ಚೌಗುಲೆ, ಕೈಕಾಡಿ. ಕಾಲು ಅವರವು, ಉಸಿರು ಅವರದು. ಹಣವಂತರ ಕಣ್ಣಿಗೆ ಬಿದ್ದರೆ ಮಾತ್ರ ಬಡವನ ಮಗ ಮುಂದೆ ಬರಬೇಕು ಎಂಬ ಸ್ಥಿತಿ ಒಳ್ಳೆಯದೂ ಅಲ್ಲ. ಅವತ್ತು ಪುಣೆಯ ತನಕ ಬರಲಾಗದೆ ಹೊಲದಲ್ಲೇ ಉಳಿದ ಎಷ್ಟು ಜನ ಚೌಗುಲೆಯರಿದ್ದರೋ. ಅದಕ್ಕೇ ಅವರು ಸಂಸ್ಥೆ ಕಟ್ಟಲು ಹೆಣಗಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ತಾನು ಇಲ್ಲದಾಗಲೂ ಗಡಿಯಾರ ಹಿಡಿಯುವ ಒಬ್ಬರು ಇರಲಿ ಎಂಬುದು ಅದರ ಅರ್ಥ.

ಓದಿ ಮುಗಿಸಿದ ಮರುದಿನ ಮುಂಜಾನೆ ನಾನು ಅಪ್ಪನ ಮೊಬೈಲ್ ಹಿಡಿದುಕೊಂಡು ಹೋದೆ. ರಸ್ತೆ ಬದಿ ದೂರ ಅಳೆದು ಸುಣ್ಣದ ಗೆರೆ ಹಾಕಿದೆವು. ಒಬ್ಬೊಬ್ಬರ ಸಮಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ನನ್ನದು 6 ನಿಮಿಷ 41 ಸೆಕೆಂಡು. ಪರೀಕ್ಷೆಯ ದಿನಕ್ಕಿಂತಲೂ ಹಿಂದೆ ಬಿದ್ದಿದ್ದೆ. ಬರಿಗಾಲಿನ ಗೆಳೆಯನದು ಬರೆಯುವಾಗ ಮೊಬೈಲ್ ತಪ್ಪಿರಬೇಕೆಂದು ಮತ್ತೊಮ್ಮೆ ಓಡಿಸಿದೆವು. 5 ನಿಮಿಷ 4 ಸೆಕೆಂಡು. ಎರಡನೇ ಸಲ 5 ನಿಮಿಷ 9 ಸೆಕೆಂಡು. ಅವನು ಫಾರೆಸ್ಟ್ ಗಾರ್ಡ್ ಅರ್ಜಿ ಹಾಕುವುದೂ ಬೇಡವೆಂದು ಬಿಟ್ಟಿದ್ದ. ಹಮಾಲಿ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗುವ ಮಾತಾಡುತ್ತಿದ್ದ. ನೋಟ್‌ಬುಕ್ಕಿನ ಆ ಸಾಲನ್ನು ಬಹಳ ಹೊತ್ತು ನೋಡಿದ. ತಾನು ಎಷ್ಟು ವೇಗ ಎಂಬುದು ಅವನಿಗೇ ಗೊತ್ತಿರಲಿಲ್ಲ.

ನಾವೆಲ್ಲ ಸೇರಿ ಅವನಿಗೆ ಒಂದು ಜೊತೆ ಶೂ ಕೊಡಿಸಿದೆವು. ಮೊದಲ ವಾರ ಕಾಲಿಗೆ ಗುಳ್ಳೆ ಎದ್ದು ಅದನ್ನು ಕೈಯಲ್ಲಿ ಹಿಡಿದೇ ಓಡಿದ, ಅದು ಬೇರೆ ಮಾತು. ಈಗ ಹೊಂದಿಕೊಂಡಿದೆ. ಅರ್ಜಿಯನ್ನೂ ಹಾಕಿದ್ದಾನೆ. ನೌಕರಿ ಸಿಗುತ್ತದೋ ಇಲ್ಲವೋ, ಮುಂದೆ ಲಿಖಿತ ಪರೀಕ್ಷೆ ಇದೆ, ಅದಕ್ಕೆ ಅವನ ಜೊತೆ ಸಂಜೆ ನಾನು ಕೂರುತ್ತೇನೆ. ಬೆಳಿಗ್ಗೆ ಅವನು ನನ್ನನ್ನು ಓಡಿಸುತ್ತಾನೆ.

ನೀವೂ ನಿಮ್ಮೂರಿನ ಮೈದಾನದಲ್ಲೋ ರಸ್ತೆಯಲ್ಲೋ ಓಡುತ್ತಿರಬಹುದು. ಯಾರಾದರೂ ಒಬ್ಬರು ಗಡಿಯಾರ ಹಿಡಿಯಿರಿ. ನಿಮ್ಮ ಸಮಯ ಬರೆದಿಡಿ, ಪಕ್ಕದವನದನ್ನೂ ಬರೆದಿಡಿ. ನನ್ನ ನೋಟ್‌ಬುಕ್ಕಿನ ಕೊನೆಯ ಸಾಲಿನಲ್ಲಿ ಈ ವಾರದ ನನ್ನ ಸಮಯ ಇದೆ, 6 ನಿಮಿಷ 26 ಸೆಕೆಂಡು. ಚೌಗುಲೆಯ ಸರಾಸರಿಗೆ ಇನ್ನೂ ಮೂರು ಸೆಕೆಂಡು ಬಾಕಿ.